ಸರ್ವರ್‌ನಿಂದ ಜಾಬಿಕ್ಸ್ ತೆಗೆದೆ, ಆದರೂ ಪೂರ್ತಿ ಹೋಗಿಲ್ಲ. ಏನು ಮಾಡಲಿ?

ಪ್ರಶ್ನೆ: ನಮ್ಮ ಉಬುಂಟು ಸರ್ವರ್‌ನಲ್ಲಿ ಎರಡು ವರ್ಷ ಜಾಬಿಕ್ಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ (ಸರ್ವರ್, ನೆಟ್‌ವರ್ಕ್‌ಗಳ ಮೇಲೆ ಕಣ್ಣಿಡುವಂಥದ್ದು) ಇತ್ತು. ಈಗ ಬೇರೆ ಮಾನಿಟರಿಂಗ್ ವ್ಯವಸ್ಥೆಗೆ ಹೋಗಿದ್ದೇವೆ. ಉಬುಂಟುವಿನ ಆಪ್ಟ್ ರಿಮೂವ್ ಕಮಾಂಡ್ ಕೊಟ್ಟು ಜಾಬಿಕ್ಸ್ ತೆಗೆದೆ. ಆದರೆ ಡಿಸ್ಕ್‌ನಲ್ಲಿ ಜಾಗ ಹೆಚ್ಚಾಗಲೇ ಇಲ್ಲ. ಸುಮ್ನೆ ನೋಡೋಣ ಅಂತ ಮತ್ತೆ ಇನ್‌ಸ್ಟಾಲ್ ಮಾಡಿದರೆ ಹಳೆಯ ಸೆಟ್ಟಿಂಗ್‌ಗಳೇ ಬಂದವು. ಪುನಃ ತೆಗೆದೆ. ಬೇರೆ ಮಷಿನ್‌ಗಳ ಲಾಗ್‌ನಲ್ಲಿ ಮಾತ್ರ ಈ ಸರ್ವರ್‌ಗೆ ಕನೆಕ್ಟ್ ಆಗುತ್ತಿಲ್ಲ ಎಂಬ ಸಾಲುಗಳು ಈಗಲೂ ಬರುತ್ತಿವೆ. ಇದೇ ಸರ್ವರ್‌ನಲ್ಲಿ ಮರಿಯಾಡಿಬಿ ಡೇಟಾಬೇಸ್ ಬಳಸುವ ನಮ್ಮ ವೆಬ್‌ಸೈಟ್ ಕೂಡ ಇದೆ. ಅದಕ್ಕೆ ಏನೂ ಆಗಬಾರದು. ಪೂರ್ತಿ ಅನ್‌ಇನ್‌ಸ್ಟಾಲ್ ಮಾಡುವುದು ಹೇಗೆ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಿಗೂ ಮೂರು ಬೇರೆ ಬೇರೆ ಕಾರಣಗಳಿವೆ. ಹಳೆಯ ಸೆಟ್ಟಿಂಗ್ ಬಂದಿದ್ದು ರಿಮೂವ್ ಕಮಾಂಡ್‌ನಿಂದ. ಅದು ಪ್ರೋಗ್ರಾಂ ತೆಗೆಯುತ್ತದೆ, ಕಾನ್ಫಿಗ್ ಫೈಲ್‌ಗಳನ್ನು ಬೇಕಂತಲೇ ಬಿಡುತ್ತದೆ. ಜಾಗ ಹೆಚ್ಚಾಗದಿದ್ದಕ್ಕೆ ಕಾರಣ, ಜಾಬಿಕ್ಸ್‌ನ ಡೇಟಾ ಎಲ್ಲ ಇರುವುದು ಮರಿಯಾಡಿಬಿ ಒಳಗೆ. ಪ್ಯಾಕೇಜ್ ಹೋದರೂ ಡೇಟಾಬೇಸ್ ಹೋಗುವುದಿಲ್ಲ. ಇನ್ನು ಆ ಲಾಗ್‌ಗಳು? ಬೇರೆ ಮಷಿನ್‌ಗಳಲ್ಲಿ ಕೂತು ಮಾಹಿತಿ ಕೊಡುವ ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಂಗಳಿಗೆ ಸರ್ವರ್ ಹೋಗಿದೆ ಅಂತ ಯಾರೂ ಹೇಳಿಲ್ಲ. ಅವು ಬಾಗಿಲು ಬಡಿಯುತ್ತಲೇ ಇವೆ.

ಈ ಮೂರನ್ನೂ ಸರಿ ಮಾಡಬಹುದು. ಆದರೆ ನೀವು ಕೇಳದೇ ಇರುವ ನಾಲ್ಕನೆಯ ವಿಷಯ ಒಂದಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮಾನಿಟರಿಂಗ್ ಸಾಫ್ಟ್‌ವೇರ್ ಬೇರೆ ಪ್ರೋಗ್ರಾಂಗಳ ಥರ ತನ್ನ ಪಾಡಿಗೆ ಒಂದು ಕಡೆ ಇರುವಂಥದ್ದಲ್ಲ. ಊರೆಲ್ಲ ಸುತ್ತಿ ನೋಡುವುದೇ ಅದರ ಕೆಲಸ. ಅದಕ್ಕಾಗಿ ನಾವು ಅದಕ್ಕೆ ಬೀಗದ ಕೈ ಕೊಟ್ಟಿರುತ್ತೇವೆ. ಸ್ವಿಚ್‌ನ ಎಸ್‌ಎನ್‌ಎಂಪಿ ಕಮ್ಯುನಿಟಿ (ಸ್ವಿಚ್‌ನ ಮಾಹಿತಿ ಓದಲು ಬೇಕಾದ ಪಾಸ್‌ವರ್ಡ್‌ನಂಥ ಪದ), ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ, ಮೇಲ್ ಅಕೌಂಟ್, ಫೈರ್‌ವಾಲ್‌ನಲ್ಲಿ ಒಂದು ರಂಧ್ರ, ಎಲ್ಲೋ ಒಂದು ಸುಡೋ ಅನುಮತಿ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು). ಪ್ಯಾಕೇಜ್ ತೆಗೆದರೆ ಇವುಗಳಲ್ಲಿ ಒಂದೂ ವಾಪಸ್ ಬರುವುದಿಲ್ಲ. ಕೆಲಸದವರು ಬಿಟ್ಟು ಹೋದ ಮೇಲೆ ಬೀಗದ ಕೈ ವಾಪಸ್ ಪಡೆಯುತ್ತೇವೆ ಅಲ್ವಾ? ಇಲ್ಲೂ ಅದನ್ನೇ ಮಾಡಬೇಕು.

ಒಂದು ಮಾತು: ಕಮಾಂಡ್‌ಗಳನ್ನೂ ಫೋಲ್ಡರ್ ಹೆಸರುಗಳನ್ನೂ ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಡೇಟಾಬೇಸ್ ಅಳಿಸಬೇಡಿ

ಎಲ್ಲರೂ ಅವಸರ ಮಾಡುವುದು ಇಲ್ಲೇ. ಜಾಗ ಬೇಕು, ಡೇಟಾಬೇಸ್ ದೊಡ್ಡದಿದೆ, ಡ್ರಾಪ್ ಮಾಡಿಬಿಡೋಣ ಅನಿಸುತ್ತದೆ. ಸ್ವಲ್ಪ ತಡೆಯಿರಿ. ಯಾವ ಬೀಗದ ಕೈ ಎಲ್ಲೆಲ್ಲಿದೆ ಎಂಬ ಪಟ್ಟಿ ಇರುವುದು ಆ ಡೇಟಾಬೇಸ್‌ನಲ್ಲೇ. ಅದನ್ನು ಅಳಿಸಿದರೆ ಆ ಪಟ್ಟಿಯೂ ಹೋಯಿತು. ಆಮೇಲೆ ನೆನಪಿನ ಮೇಲೆ ಹುಡುಕಬೇಕು. ಎರಡು ವರ್ಷದ ಹಿಂದೆ ಯಾವ ಸ್ವಿಚ್‌ಗೆ ಏನು ಕೊಟ್ಟಿದ್ದೆವು ಅಂತ ಯಾರಿಗೂ ನೆನಪಿರುವುದಿಲ್ಲ.

ವೆಬ್ ಪುಟ ಈಗಿಲ್ಲ, ಪರವಾಗಿಲ್ಲ. ಮರಿಯಾಡಿಬಿ ಪ್ರಾಂಪ್ಟ್‌ಗೆ ಹೋಗಿ ನೇರವಾಗಿ ಟೇಬಲ್‌ಗಳನ್ನು ನೋಡಿ. ಹೋಸ್ಟ್ಸ್ ಟೇಬಲ್‌ನಲ್ಲಿ ಮಷಿನ್‌ಗಳ ಹೆಸರು ಇರುತ್ತದೆ. ಅದರಲ್ಲಿ ಟೆಂಪ್ಲೇಟ್‌ಗಳ (ಚೆಕ್‌ಗಳ ಸಿದ್ಧ ಮಾದರಿಗಳ) ಹೆಸರೂ ಸೇರಿರುತ್ತದೆ, ಗಾಬರಿ ಬೇಡ. ಇಂಟರ್‌ಫೇಸ್ ಟೇಬಲ್‌ನಲ್ಲಿ ಐಪಿ ಮತ್ತು ಪೋರ್ಟ್ ಇವೆ. ಇಂಟರ್‌ಫೇಸ್ ಅಂಡರ್‌ಸ್ಕೋರ್ ಎಸ್‌ಎನ್‌ಎಂಪಿ ಎಂಬ ಟೇಬಲ್‌ನಲ್ಲಿ ಕಮ್ಯುನಿಟಿ ಸ್ಟ್ರಿಂಗ್ ಸಿಗುತ್ತದೆ. ಮ್ಯಾಕ್ರೊ ಅಂದರೆ ಹೆಸರಿಟ್ಟು ಉಳಿಸಿದ ಮೌಲ್ಯ; ಹೋಸ್ಟ್‌ಮ್ಯಾಕ್ರೊ ಮತ್ತು ಗ್ಲೋಬಲ್‌ಮ್ಯಾಕ್ರೊ ಟೇಬಲ್‌ಗಳಲ್ಲಿ ಪಾಸ್‌ವರ್ಡ್‌ಗಳು ಇರುವುದು ಜಾಸ್ತಿ. ವೆಬ್ ಪುಟದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದ ಸೀಕ್ರೆಟ್ ಮ್ಯಾಕ್ರೊಗಳು ಇಲ್ಲಿ ಸಾದಾ ಅಕ್ಷರದಲ್ಲೇ ಕಾಣುತ್ತವೆ. ಐಟಮ್ಸ್ ಟೇಬಲ್‌ನಲ್ಲಿ ಎಸ್‌ಎಸ್‌ಎಚ್ ಚೆಕ್‌ಗಳ ಯೂಸರ್ ಹೆಸರು, ಪಾಸ್‌ವರ್ಡ್ ಇರಬಹುದು. ಮೀಡಿಯಾ ಟೈಪ್ ಟೇಬಲ್‌ನಲ್ಲಿ ಅಲರ್ಟ್ ಕಳಿಸುತ್ತಿದ್ದ ಮೇಲ್ ಅಕೌಂಟ್‌ನ ವಿವರ ಇರುತ್ತದೆ.

ಇವನ್ನೆಲ್ಲ ನೋಡಿ ಒಂದು ಪಟ್ಟಿ ಮಾಡಿ. ಮಷಿನ್ ಯಾವುದು, ಏನು ಕೊಟ್ಟಿದ್ದೆವು, ಅಷ್ಟು ಸಾಕು. ಪಾಸ್‌ವರ್ಡ್‌ಗಳನ್ನೇ ಬರೆದಿಟ್ಟುಕೊಳ್ಳಬೇಕಾಗಿಲ್ಲ, ಅವನ್ನು ಹೇಗೂ ಬದಲಿಸುತ್ತೀರಿ.

ಆಮೇಲೆ ಬ್ಯಾಕಪ್. ಮೈಎಸ್‌ಕ್ಯೂಎಲ್‌ಡಂಪ್‌ಗೆ --ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ವೆಬ್‌ಸೈಟ್‌ನ ಕೆಲಸ ನಿಲ್ಲುವುದಿಲ್ಲ. ಹಿಸ್ಟರಿ ಮತ್ತು ಟ್ರೆಂಡ್ಸ್ ಹೆಸರಿನಿಂದ ಶುರುವಾಗುವ ಟೇಬಲ್‌ಗಳನ್ನು --ಇಗ್ನೋರ್-ಟೇಬಲ್ ಕೊಟ್ಟು ಬಿಟ್ಟರೆ ಫೈಲ್ ತುಂಬಾ ಚಿಕ್ಕದಾಗುತ್ತದೆ. ಹಳೆಯ ಗ್ರಾಫ್‌ಗಳು ಬೇಕು ಅಂದರೆ ಮಾತ್ರ ಅವನ್ನೂ ಸೇರಿಸಿ. ಇಟಿಸಿ ಒಳಗಿನ ಜಾಬಿಕ್ಸ್ ಫೋಲ್ಡರ್ ಕೂಡ ಬೇರೆ ಕಡೆ ಕಾಪಿ ಮಾಡಿ. ಈ ಎರಡರಲ್ಲೂ ಪಾಸ್‌ವರ್ಡ್‌ಗಳಿವೆ. ಆದ್ದರಿಂದ ಫೈಲ್‌ಗಳ ಪರ್ಮಿಶನ್ 600 ಮಾಡಿ (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಆಗುವಂತೆ), ಇಡಬೇಕಾದ ಸುರಕ್ಷಿತ ಜಾಗದಲ್ಲಿ ಇಡಿ. ಹೋಮ್ ಫೋಲ್ಡರ್‌ನಲ್ಲಿ ಬಿಟ್ಟು ಮರೆಯಬೇಡಿ.

ಈಗ ಪ್ಯಾಕೇಜ್‌ಗಳು

ಡಿಪಿಕೆಜಿ -ಎಲ್ ಕೊಟ್ಟು ಅದರಲ್ಲಿ ಜಾಬಿಕ್ಸ್ ಇರುವ ಸಾಲುಗಳನ್ನು ಗ್ರೆಪ್ ಮಾಡಿ. ಸಾಲಿನ ಮೊದಲಲ್ಲಿ ಎರಡು ಅಕ್ಷರ ಇರುತ್ತದೆ. ಐಐ ಅಂದರೆ ಪ್ಯಾಕೇಜ್ ಇದೆ. ಆರ್‌ಸಿ ಅಂದರೆ ಪ್ರೋಗ್ರಾಂ ಹೋಗಿದೆ, ಕಾನ್ಫಿಗ್ ಉಳಿದಿದೆ. ನಿಮ್ಮಲ್ಲಿ ಆರ್‌ಸಿ ಸಾಲುಗಳೇ ಕಾಣಬೇಕು. ಇನ್ನೂ ಐಐ ಕಂಡರೆ ಮೊದಲು ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟು ಆ ಸರ್ವಿಸ್ ನಿಲ್ಲಿಸಿ. ಜಾಬಿಕ್ಸ್ ಸರ್ವರ್ ನಿಲ್ಲುವಾಗ ಮೆಮೊರಿಯಲ್ಲಿರುವ ಹಿಸ್ಟರಿಯನ್ನು ಡೇಟಾಬೇಸ್‌ಗೆ ಬರೆಯುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು. ಕಿಲ್ -9 ಕೊಡಬೇಡಿ, ಕಾಯಿರಿ.

ರಿಮೂವ್ ಆದ ಪ್ಯಾಕೇಜ್‌ಗೂ ಆಪ್ಟ್ ಪರ್ಜ್ ಕೊಡಬಹುದು. ಆರ್‌ಸಿ ಸಾಲಿನಲ್ಲಿ ಕಂಡ ಹೆಸರುಗಳನ್ನು ಒಂದೊಂದಾಗಿ ಕೊಡಿ. ಜಾಬಿಕ್ಸ್ ಸರ್ವರ್, ಫ್ರಂಟೆಂಡ್, ಏಜೆಂಟ್, ಎಸ್‌ಕ್ಯೂಎಲ್ ಸ್ಕ್ರಿಪ್ಟ್ಸ್, ಅಪಾಚೆ ಕಾನ್ಫ್, ಹೀಗೆ ಐದಾರು ಇರುತ್ತವೆ. ಎಲ್ಲ ಆರ್‌ಸಿ ಪ್ಯಾಕೇಜ್‌ಗಳನ್ನೂ ಒಟ್ಟಿಗೆ ಪರ್ಜ್ ಮಾಡುವ ಒಂದು ಸಾಲಿನ ಕಮಾಂಡ್ ಹಲವರು ಹೇಳಿಕೊಡುತ್ತಾರೆ. ನಿಮ್ಮ ಸರ್ವರ್‌ನಲ್ಲಿ ವೆಬ್‌ಸೈಟ್ ಇದೆ, ಅದು ಬೇಡ.

ಡೈರೆಕ್ಟರಿ ಖಾಲಿ ಇಲ್ಲ, ಹಾಗಾಗಿ ತೆಗೆದಿಲ್ಲ ಎಂಬ ಎಚ್ಚರಿಕೆ ಬಂದರೆ ಓದಿಕೊಳ್ಳಿ. ಪ್ಯಾಕೇಜ್ ತಾನು ತಂದಿದ್ದನ್ನು ಮಾತ್ರ ತೆಗೆಯುತ್ತದೆ. ನೀವು ಕೈಯಾರೆ ಇಟ್ಟ ಸ್ಕ್ರಿಪ್ಟ್, ಪಿಎಸ್‌ಕೆ (ಎರಡೂ ಕಡೆ ಮೊದಲೇ ಹಂಚಿಕೊಂಡ ರಹಸ್ಯ ಕೀ) ಫೈಲ್, ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. ಆ ಫೋಲ್ಡರ್‌ಗಳನ್ನು ತೆರೆದು ನೋಡಿ ನೀವೇ ಅಳಿಸಬೇಕು.

ಈಗ ಆಟೊರಿಮೂವ್ ವಿಷಯ. ಬೇರೆ ಪ್ಯಾಕೇಜ್‌ನ ಜೊತೆಗೆ ಬಂದು ಈಗ ಯಾವ ಪ್ಯಾಕೇಜ್‌ಗೂ ಬೇಡವಾದುದನ್ನು ತೆಗೆಯುವ ಕಮಾಂಡ್ ಅದು. ನಾನು ಒಮ್ಮೆ ಇದರಿಂದ ಪೆಟ್ಟು ತಿಂದಿದ್ದೇನೆ. ಮಾನಿಟರಿಂಗ್ ತೆಗೆದ ಮೇಲೆ ಆಟೊರಿಮೂವ್ ಕೊಟ್ಟೆ. ಪಟ್ಟಿ ಉದ್ದವಿತ್ತು, ಓದದೇ ವೈ ಒತ್ತಿದೆ. ಪಕ್ಕದಲ್ಲೇ ಇದ್ದ ವೆಬ್‌ಸೈಟ್ ಬಿದ್ದುಹೋಯಿತು. ಕಾರಣ ಸರಳ. ಪಿಎಚ್‌ಪಿಯ ಮೈಎಸ್‌ಕ್ಯೂಎಲ್ ಮಾಡ್ಯೂಲ್ ಬಂದಿದ್ದು ಮಾನಿಟರಿಂಗ್‌ನ ಜೊತೆಗೆ, ಅವಲಂಬನೆಯಾಗಿ. ಆಮೇಲೆ ವೆಬ್‌ಸೈಟ್ ಕೂಡ ಅದನ್ನೇ ಬಳಸಿಕೊಂಡಿತು. ಆದರೆ ವೆಬ್‌ಸೈಟ್‌ನ ಕೋಡ್ ಒಂದು ಪ್ಯಾಕೇಜ್ ಅಲ್ಲ. ಅದಕ್ಕೆ ಈ ಮಾಡ್ಯೂಲ್ ಬೇಕು ಅಂತ ಆಪ್ಟ್‌ಗೆ ಗೊತ್ತಾಗುವುದೇ ಇಲ್ಲ. ಯಾರಿಗೂ ಬೇಡ ಅಂದುಕೊಂಡು ತೆಗೆದುಹಾಕುತ್ತದೆ.

ನಿಮ್ಮದೂ ಇದೇ ಪರಿಸ್ಥಿತಿ. ಹಾಗಾಗಿ ಮೊದಲು ಆಪ್ಟ್ -ಎಸ್ ಆಟೊರಿಮೂವ್ ಕೊಡಿ. ಅದು ಏನನ್ನೂ ತೆಗೆಯದೆ, ತೆಗೆದರೆ ಏನೇನು ಹೋಗುತ್ತದೆ ಅಂತ ತೋರಿಸುತ್ತದೆ. ಪಿಎಚ್‌ಪಿ, ಅಪಾಚೆ, ಮರಿಯಾಡಿಬಿ ಹೆಸರು ಆ ಪಟ್ಟಿಯಲ್ಲಿ ಕಂಡರೆ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಕೊಟ್ಟು ಅವನ್ನು ಉಳಿಸಿಕೊಳ್ಳಿ. ಅನುಮಾನ ಇದ್ದರೆ ಆಟೊರಿಮೂವ್ ಬಿಟ್ಟೇಬಿಡಿ. ನಾಲ್ಕು ಲೈಬ್ರರಿ ಜಾಸ್ತಿ ಉಳಿದರೆ ನಷ್ಟವೇನಿಲ್ಲ.

ಜಾಬಿಕ್ಸ್-ರಿಲೀಸ್ ಎಂಬ ಚಿಕ್ಕ ಪ್ಯಾಕೇಜ್ ಒಂದಿದೆ. ರೆಪಾಸಿಟರಿಯ ವಿಳಾಸ ಮತ್ತು ಅದರ ಕೀ ತಂದಿಡುವುದು ಅದೇ. ಅದನ್ನೂ ಪರ್ಜ್ ಮಾಡಿ ಆಪ್ಟ್ ಅಪ್‌ಡೇಟ್ ಕೊಡಿ. ಇಲ್ಲವಾದರೆ ಹೊರಗಿನ ಒಂದು ರೆಪಾಸಿಟರಿಯನ್ನು ಈ ಸರ್ವರ್ ಮುಂದೆಯೂ ನಂಬುತ್ತಲೇ ಇರುತ್ತದೆ.

ರೆಡ್ ಹ್ಯಾಟ್ ಕುಟುಂಬದ ಸರ್ವರ್ ಇರುವವರಿಗೆ ಎರಡು ಮಾತು. ಅಲ್ಲಿ ಪರ್ಜ್ ಇಲ್ಲ. ಡಿಎನ್‌ಎಫ್ ರಿಮೂವ್ ಕೊಟ್ಟಾಗ, ನೀವು ತಿದ್ದಿದ ಕಾನ್ಫಿಗ್ ಫೈಲ್‌ಗಳು ಕೊನೆಯಲ್ಲಿ ಆರ್‌ಪಿಎಂಸೇವ್ ಅಂತ ಹೆಸರು ಸೇರಿಸಿಕೊಂಡು ಉಳಿಯುತ್ತವೆ. ಎಪೆಲ್ ರೆಪಾಸಿಟರಿಯ ಫೈಲ್‌ನಲ್ಲಿ ಎಕ್ಸ್‌ಕ್ಲೂಡ್‌ಪಿಕೆಜಿಎಸ್ ಎಂಬ ಸಾಲು ಹಾಕಿದ್ದರೆ ತೆಗೆಯಿರಿ. ಎಸ್‌ಇಲಿನಕ್ಸ್‌ನಲ್ಲಿ ಜಾಬಿಕ್ಸ್‌ಗೆಂದು ಆನ್ ಮಾಡಿದ ಬೂಲಿಯನ್‌ಗಳನ್ನು ಸೆಟ್‌ಎಸ್‌ಇಬೂಲ್ -ಪಿ (ಇಂಗ್ಲಿಷ್‌ನ ದೊಡ್ಡಕ್ಷರ ಪಿ) ಕೊಟ್ಟು ಆಫ್ ಮಾಡಿ. ಡೇಟಾಬೇಸ್‌ಗೆ ಹೋಗಲು ವೆಬ್ ಸರ್ವರ್‌ಗೆ ಕೊಟ್ಟ ಅನುಮತಿ ಮಾತ್ರ ನಿಮ್ಮ ಬೇರೆ ಸೈಟ್‌ಗೂ ಬೇಕಾಗಿರಬಹುದು. ಅದನ್ನು ನೋಡಿ ಮುಟ್ಟಿ.

ಡೇಟಾಬೇಸ್ ಮತ್ತು ಜಾಗ

ಪಟ್ಟಿ ಆಯಿತು, ಬ್ಯಾಕಪ್ ಆಯಿತು ಅಂದರೆ ಈಗ ಡ್ರಾಪ್ ಮಾಡಬಹುದು. ಮೊದಲು ಶೋ ಡೇಟಾಬೇಸಸ್ ಕೊಟ್ಟು ಹೆಸರು ಖಚಿತ ಮಾಡಿಕೊಳ್ಳಿ. ಡ್ರಾಪ್ ಡೇಟಾಬೇಸ್ ಕೊಟ್ಟ ಮೇಲೆ ಡ್ರಾಪ್ ಯೂಸರ್ ಕೂಡ ಕೊಡಬೇಕು. ಡೇಟಾಬೇಸ್ ಹೋದರೂ ಅದರ ಯೂಸರ್ ಮತ್ತು ಆ ಯೂಸರ್‌ಗೆ ಕೊಟ್ಟ ಹಕ್ಕುಗಳು ತಾವಾಗಿಯೇ ಹೋಗುವುದಿಲ್ಲ. ಮುಂದೆ ಅದೇ ಹೆಸರಿನ ಡೇಟಾಬೇಸ್ ಮಾಡಿದರೆ ಹಳೆಯ ಯೂಸರ್‌ಗೆ ಅದರ ಮೇಲೂ ಹಕ್ಕು ಸಿಕ್ಕಿಬಿಡುತ್ತದೆ.

ಸಾಮಾನ್ಯವಾಗಿ ಜಾಗ ಕೂಡಲೇ ವಾಪಸ್ ಬರುತ್ತದೆ. ಬರದಿದ್ದರೆ ಎರಡು ಕಡೆ ನೋಡಿ. ಒಂದು, ಬೈನರಿ ಲಾಗ್, ಅಂದರೆ ಡೇಟಾಬೇಸ್‌ನ ಬದಲಾವಣೆಗಳನ್ನು ದಾಖಲಿಸುವ ಫೈಲ್‌ಗಳು. ಅದು ಆನ್ ಇದ್ದರೆ ಜಾಬಿಕ್ಸ್ ಬರೆದಿದ್ದೆಲ್ಲ ಅದರಲ್ಲೂ ಇರುತ್ತದೆ. ರೆಪ್ಲಿಕೇಶನ್ ಇಲ್ಲ, ಹಳೆಯ ಲಾಗ್ ಬೇಡ ಅಂದರೆ ಪರ್ಜ್ ಬೈನರಿ ಲಾಗ್ಸ್ ಕೊಡಿ. ಆ ಫೈಲ್‌ಗಳನ್ನು ಆರ್‌ಎಂ ಕೊಟ್ಟು ಅಳಿಸಬೇಡಿ. ಎರಡು, ಐಬಿಡೇಟಾ1 ಎಂಬ ಫೈಲ್. ಇನ್ನೋಡಿಬಿಯಲ್ಲಿ (ಮರಿಯಾಡಿಬಿ ಡೇಟಾ ಇಡಲು ಬಳಸುವ ಎಂಜಿನ್) ಟೇಬಲ್‌ಗೊಂದು ಫೈಲ್ ಎಂಬ ಸೆಟ್ಟಿಂಗ್ ಆಫ್ ಇದ್ದರೆ ಡೇಟಾ ಎಲ್ಲ ಈ ಒಂದೇ ಫೈಲ್‌ನಲ್ಲಿ ಸೇರಿರುತ್ತದೆ. ಡ್ರಾಪ್ ಮಾಡಿದರೂ ಅದು ಚಿಕ್ಕದಾಗುವುದಿಲ್ಲ. ಒಳಗೆ ಖಾಲಿಯಾದ ಜಾಗವನ್ನು ಮರಿಯಾಡಿಬಿ ಮುಂದೆ ಬಳಸಿಕೊಳ್ಳುತ್ತದೆ, ಅಷ್ಟೇ. ಅದನ್ನು ಕುಗ್ಗಿಸಲು ಎಲ್ಲ ಡೇಟಾಬೇಸ್‌ಗಳನ್ನೂ ಡಂಪ್ ಮಾಡಿ ಹೊಸದಾಗಿ ತುಂಬಬೇಕಾಗುತ್ತದೆ. ವೆಬ್‌ಸೈಟ್ ಇರುವ ಸರ್ವರ್‌ನಲ್ಲಿ ಅಷ್ಟು ದೊಡ್ಡ ಕೆಲಸ ಬೇಕಾ ಅಂತ ಯೋಚಿಸಿ ಮಾಡಿ.

ಜಾಬಿಕ್ಸ್ ಹಾಕುವಾಗ ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್ ಎಂಬ ಸೆಟ್ಟಿಂಗ್ ಅನ್ನು 1 ಮಾಡಿ, ಸ್ಕೀಮಾ ತುಂಬಿದ ಮೇಲೆ 0 ಮಾಡಬೇಕು ಅಂತ ಇನ್‌ಸ್ಟಾಲ್ ಸೂಚನೆಯಲ್ಲೇ ಇದೆ. ಎರಡನೆಯ ಹೆಜ್ಜೆ ಮರೆಯುವವರು ಬಹಳ. ಮರಿಯಾಡಿಬಿಯ ಕಾನ್ಫಿಗ್‌ನಲ್ಲಿ ಆ ಸಾಲು ಉಳಿದಿದೆಯಾ ನೋಡಿ. ಜಾಬಿಕ್ಸ್‌ಗೆಂದೇ ಹೆಚ್ಚಿಸಿದ್ದ ಬಫರ್ ಪೂಲ್ (ಡೇಟಾಬೇಸ್ ಬಳಸುವ ಮೆಮೊರಿ) ಗಾತ್ರವನ್ನೂ ಈಗ ಇಳಿಸಬಹುದು.

ಸರ್ವರ್‌ನ ಉಳಿದ ಮೂಲೆಗಳು

ಅಪಾಚೆಯ ಕಾನ್ಫ್-ಎನೇಬಲ್ಡ್ ಫೋಲ್ಡರ್‌ನಲ್ಲಿ ಜಾಬಿಕ್ಸ್‌ನ ಲಿಂಕ್ ಉಳಿದಿದ್ದರೆ ತೆಗೆಯಿರಿ. ರೀಲೋಡ್ ಮಾಡುವ ಮೊದಲು ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಕೊಡಿ. ಮಾನಿಟರಿಂಗ್‌ಗೆ ಪ್ರತ್ಯೇಕ ಡೊಮೇನ್ ಹೆಸರಿದ್ದರೆ ಅದರ ಸರ್ಟಿಫಿಕೇಟ್ ಅನ್ನು ಸರ್ಟ್‌ಬಾಟ್ ಡಿಲೀಟ್ ಕೊಟ್ಟು ತೆಗೆಯಿರಿ. ಇಲ್ಲದಿದ್ದರೆ ರಿನ್ಯೂವಲ್ ಫೇಲ್ ಆಗುತ್ತಾ ಇರುತ್ತದೆ. ಡಿಎನ್‌ಎಸ್ ರೆಕಾರ್ಡ್ ಕೂಡ ಅಳಿಸಿ.

ಇಟಿಸಿ ಒಳಗೆ ಸಿಸ್ಟಮ್‌ಡಿ ಎಂಬಲ್ಲಿ ನೀವು ಬರೆದ ಓವರ್‌ರೈಡ್ ಫೈಲ್ ಇದ್ದರೆ ಅಳಿಸಿ ಡೀಮನ್-ರೀಲೋಡ್ ಕೊಡಿ. ಆಮೇಲೆ ರೀಸೆಟ್-ಫೇಲ್ಡ್. ಕ್ರಾನ್, ಲಾಗ್‌ರೊಟೇಟ್, ವಾರ್ ಲಾಗ್ ಒಳಗಿನ ಜಾಬಿಕ್ಸ್ ಫೋಲ್ಡರ್, ಇವು ಮೂರನ್ನೂ ಒಂದು ಸಲ ನೋಡಿ. ಎಸ್‌ಎನ್‌ಎಂಪಿ ಟ್ರ್ಯಾಪ್ (ಸ್ವಿಚ್‌ನಂಥ ಸಾಧನಗಳು ತಾವೇ ಕಳಿಸುವ ಎಚ್ಚರಿಕೆ) ತೆಗೆದುಕೊಳ್ಳುತ್ತಿದ್ದರೆ ಎಸ್‌ಎನ್‌ಎಂಪಿಟ್ರ್ಯಾಪ್‌ಡಿ ಬೇರೆಯೇ ಪ್ಯಾಕೇಜ್. ಅದು ಯುಡಿಪಿ 162ರಲ್ಲಿ ಇನ್ನೂ ಕಾಯುತ್ತಿರಬಹುದು. ಫೈರ್‌ವಾಲ್‌ನಲ್ಲಿ ಪೋರ್ಟ್ 10051 (ಜಾಬಿಕ್ಸ್ ಸರ್ವರ್‌ನದ್ದು) ಮತ್ತು 162ಕ್ಕೆ ಕೊಟ್ಟ ಅನುಮತಿಗಳನ್ನು ಯುಎಫ್‌ಡಬ್ಲ್ಯು ಡಿಲೀಟ್ ಕೊಟ್ಟು ತೆಗೆಯಿರಿ.

ಯೂಸರ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಪ್ಯಾಕೇಜ್ ಹೋದರೂ ಜಾಬಿಕ್ಸ್ ಎಂಬ ಸಿಸ್ಟಮ್ ಯೂಸರ್ ಉಳಿದಿರುವುದು ಸಾಮಾನ್ಯ. ಮೊದಲು ಐಡಿ ಜಾಬಿಕ್ಸ್ ಕೊಟ್ಟು ಅದು ಯಾವ ಗುಂಪುಗಳಲ್ಲಿದೆ ನೋಡಿ. ಕಂಟೇನರ್‌ಗಳನ್ನು ಗಮನಿಸಲೆಂದು ಡಾಕರ್ ಗುಂಪಿಗೆ ಸೇರಿಸಿದ್ದರೆ, ಅದು ರೂಟ್ ಅಧಿಕಾರ ಕೊಟ್ಟಷ್ಟೇ ಆಯಿತು. ಸುಡೋಯರ್ಸ್-ಡಿ ಫೋಲ್ಡರ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ಕಮಾಂಡ್ ಓಡಿಸುವ ಸಾಲು ಇದೆಯಾ ನೋಡಿ. ಇದ್ದರೆ ವಿಸುಡೋ ಮೂಲಕ ತೆಗೆಯಿರಿ.

ಆಮೇಲೆ ಫೈಂಡ್ ಕೊಟ್ಟು ಆ ಯೂಸರ್‌ಗೆ ಸೇರಿದ ಫೈಲ್‌ಗಳನ್ನೆಲ್ಲ ಹುಡುಕಿ, ಅವನ್ನು ಅಳಿಸಿ ಅಥವಾ ಬೇರೆಯವರ ಹೆಸರಿಗೆ ಮಾಡಿ. ಅದಾದ ಮೇಲಷ್ಟೇ ಯೂಸರ್‌ಡೆಲ್. ಈ ಕ್ರಮ ಯಾಕೆ ಅಂದರೆ, ಲಿನಕ್ಸ್ ಫೈಲ್ ಯಾರದ್ದು ಅಂತ ನೆನಪಿಡುವುದು ಹೆಸರಿನಿಂದಲ್ಲ, ಯುಐಡಿ ಎಂಬ ಸಂಖ್ಯೆಯಿಂದ. ಯೂಸರ್ ಅಳಿಸಿದರೆ ಆ ಸಂಖ್ಯೆ ಖಾಲಿಯಾಗುತ್ತದೆ. ನಾಳೆ ಇನ್ನೊಂದು ಪ್ಯಾಕೇಜ್ ಬಂದು ಅದೇ ಸಂಖ್ಯೆ ಪಡೆದರೆ ಹಳೆಯ ಫೈಲ್‌ಗಳೆಲ್ಲ ಅದರದ್ದಾಗುತ್ತವೆ. ಕೀ ಫೈಲ್‌ಗಳೂ ಸೇರಿ.

ಇನ್ನೊಂದು. ಹೆಸರಿನಲ್ಲಿ ಜಾಬಿಕ್ಸ್ ಇರುವ ಫೈಲ್‌ಗಳನ್ನೆಲ್ಲ ಫೈಂಡ್‌ನ -ಡಿಲೀಟ್ ಕೊಟ್ಟು ಒಂದೇ ಏಟಿಗೆ ಅಳಿಸಬೇಡಿ. ನಿಮ್ಮ ಹೊಸ ಮಾನಿಟರಿಂಗ್‌ನದ್ದೋ, ಎಡಿಟರ್‌ನದ್ದೋ ಫೈಲ್‌ಗೂ ಆ ಹೆಸರು ಇರಬಹುದು. ಮೊದಲು ಪಟ್ಟಿ ನೋಡಿ. ಯಾವ ಪ್ಯಾಕೇಜ್‌ಗೆ ಸೇರಿದ್ದು ಅಂತ ಡಿಪಿಕೆಜಿ -ಎಸ್ (ಇಂಗ್ಲಿಷ್‌ನ ದೊಡ್ಡಕ್ಷರ ಎಸ್) ಕೊಟ್ಟು ಕೇಳಿ. ಯಾರದ್ದೂ ಅಲ್ಲದ್ದನ್ನು ಮಾತ್ರ ಕೈಯಾರೆ ತೆಗೆಯಿರಿ.

ಬೀಗದ ಕೈ ವಾಪಸ್ ಪಡೆಯುವುದು

ಮೊದಲು ಮಾಡಿದ ಪಟ್ಟಿಯನ್ನು ಈಗ ತೆರೆಯಿರಿ. ಪ್ರತಿ ಮಷಿನ್‌ನಲ್ಲೂ ಏಜೆಂಟ್ ನಿಲ್ಲಿಸಿ ಪರ್ಜ್ ಮಾಡಬೇಕು. ಏಜೆಂಟ್ ಎರಡು ಥರ ಕೆಲಸ ಮಾಡುತ್ತದೆ. ಪ್ಯಾಸಿವ್ ಆದರೆ ಸರ್ವರ್ ಬಂದು 10050ರಲ್ಲಿ ಕೇಳುತ್ತದೆ. ಆ್ಯಕ್ಟಿವ್ ಆದರೆ ಏಜೆಂಟೇ ಸರ್ವರ್‌ನ 10051ಕ್ಕೆ ಹೋಗುತ್ತದೆ. ನಿಮ್ಮ ಲಾಗ್‌ಗಳಲ್ಲಿ ಕಾಣುತ್ತಿರುವುದು ಈ ಎರಡನೆಯದು.

ಆದರೆ ಸದ್ದಿಲ್ಲದ ಮೊದಲನೆಯದೇ ಹೆಚ್ಚು ಅಪಾಯ. ಏಜೆಂಟ್‌ನ ಕಾನ್ಫಿಗ್‌ನಲ್ಲಿ ಸರ್ವರ್ ಎಂಬ ಸಾಲು ಇದೆ. ಅಲ್ಲಿರುವ ಐಪಿಯಿಂದ ಯಾರು ಬಂದು ಕೇಳಿದರೂ ಏಜೆಂಟ್ ಉತ್ತರ ಕೊಡುತ್ತದೆ. ನಾಳೆ ಈ ಐಪಿ ಇನ್ನೊಂದು ಮಷಿನ್‌ಗೆ ಹೋಯಿತು ಅಂದುಕೊಳ್ಳಿ. ಏಜೆಂಟ್ ಆ ಮಷಿನ್‌ಗೂ ಎಲ್ಲ ಹೇಳುತ್ತದೆ. ಸಿಸ್ಟಮ್.ರನ್ ಎಂಬ ಕೀ ಸಹಜವಾಗಿ ಬಂದ್ ಇರುತ್ತದೆ. ಆದರೆ ದೂರದಿಂದ ಸರ್ವಿಸ್ ರೀಸ್ಟಾರ್ಟ್ ಮಾಡಲೆಂದು ಅದನ್ನು ತೆರೆದಿಟ್ಟವರು ಇದ್ದಾರೆ. ಹಾಗಿದ್ದರೆ ಆ ಐಪಿ ಸಿಕ್ಕವರು ನಿಮ್ಮ ಮಷಿನ್‌ಗಳಲ್ಲಿ ಕಮಾಂಡ್ ಓಡಿಸಬಹುದು. ಟಿಎಲ್‌ಎಸ್ ಎನ್‌ಕ್ರಿಪ್ಶನ್ (ಸರ್ಟಿಫಿಕೇಟ್ ಅಥವಾ ಪಿಎಸ್‌ಕೆ ಮೂಲಕ) ಕಡ್ಡಾಯ ಮಾಡಿದ್ದರೆ ಮಾತ್ರ ಇದರಿಂದ ರಕ್ಷಣೆ. ಆದ್ದರಿಂದ ಏಜೆಂಟ್‌ಗಳನ್ನು ನಿಧಾನಕ್ಕೆ ನೋಡಿಕೊಳ್ಳೋಣ ಅಂತ ಬಿಡಬೇಡಿ. ಇಂದೇ ತೆಗೆಯಲು ಆಗದಿದ್ದರೆ ಕನಿಷ್ಠ ಆ ಸರ್ವಿಸ್ ನಿಲ್ಲಿಸಿ ಡಿಸೇಬಲ್ ಮಾಡಿ, 10050ರ ಫೈರ್‌ವಾಲ್ ಅನುಮತಿ ತೆಗೆಯಿರಿ.

ಏಜೆಂಟ್ ಇರುವ ಮಷಿನ್‌ಗಳಲ್ಲೂ ಸುಡೋಯರ್ಸ್, ಜಾಬಿಕ್ಸ್ ಯೂಸರ್, ಯೂಸರ್‌ಪ್ಯಾರಾಮೀಟರ್ (ಏಜೆಂಟ್‌ಗೆ ನೀವೇ ಸೇರಿಸಿದ ಚೆಕ್) ಸ್ಕ್ರಿಪ್ಟ್‌ಗಳನ್ನು ನೋಡಬೇಕು. ಡೇಟಾಬೇಸ್ ಸರ್ವರ್‌ಗಳಲ್ಲಿ ಝಡ್‌ಬಿಎಕ್ಸ್ ಅಂಡರ್‌ಸ್ಕೋರ್ ಮಾನಿಟರ್ ಎಂಬ ಯೂಸರ್ ಇದೆಯಾ ನೋಡಿ. ಟೆಂಪ್ಲೇಟ್‌ನ ಸೂಚನೆಯಂತೆ ಹಾಕಿದವರಲ್ಲಿ ಆ ಹೆಸರೇ ಇರುತ್ತದೆ. ಕೆಲವರು ಅದನ್ನು ಎಲ್ಲಿಂದ ಬೇಕಾದರೂ ಲಾಗಿನ್ ಆಗುವಂತೆ ಮಾಡಿರುತ್ತಾರೆ. ಎಸ್‌ಎಸ್‌ಎಚ್ ಚೆಕ್ ಇದ್ದಲ್ಲಿ ಆಥರೈಸ್ಡ್ ಕೀಸ್ ಫೈಲ್‌ನಿಂದ ಆ ಸಾಲು ಅಳಿಸಿ. ಸ್ವಿಚ್ ಮತ್ತು ರೂಟರ್‌ಗಳಲ್ಲಿ ಹಳೆಯ ಕಮ್ಯುನಿಟಿ ಸ್ಟ್ರಿಂಗ್ ತೆಗೆಯಿರಿ. ಟ್ರ್ಯಾಪ್ ಕಳಿಸುವ ವಿಳಾಸವನ್ನೂ ಅಳಿಸಿ. ಹೊಸ ವ್ಯವಸ್ಥೆ ಅದೇ ಕಮ್ಯುನಿಟಿ ಬಳಸುತ್ತಿದ್ದರೆ ಮೊದಲು ಅದಕ್ಕೆ ಹೊಸದು ಕೊಡಿ. ಅಲರ್ಟ್‌ಗೆ ಬಳಸಿದ ಮೇಲ್ ಪಾಸ್‌ವರ್ಡ್, ಟೆಲಿಗ್ರಾಂ ಬಾಟ್ ಟೋಕನ್, ಇವನ್ನೂ ರದ್ದು ಮಾಡಿ.

ಪ್ಯಾಕೇಜ್ ಆಗಿ ಹಾಕಿಲ್ಲದಿದ್ದರೆ?

ಜಾಬಿಕ್ಸ್ 2001ರಿಂದ, ನಾಗಿಯೋಸ್ ಎಂಬ ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್ (ಮೊದಲು ನೆಟ್‌ಸೇಂಟ್ ಎಂಬ ಹೆಸರಿನಲ್ಲಿ) ಅದಕ್ಕೂ ಮೊದಲಿಂದ ಬಳಕೆಯಲ್ಲಿವೆ. ಹಳೆಯ ಸರ್ವರ್‌ಗಳಲ್ಲಿ ಸೋರ್ಸ್‌ನಿಂದ ಕಟ್ಟಿ ಹಾಕಿದ್ದು ಈಗಲೂ ಸಿಗುತ್ತದೆ. ಆಗ ಆಪ್ಟ್‌ಗೆ ಏನೂ ಗೊತ್ತಿರುವುದಿಲ್ಲ. ಯುಎಸ್‌ಆರ್ ಲೋಕಲ್ ಒಳಗೆ ಹುಡುಕಿ. ನಾಗಿಯೋಸ್‌ನ ಫೈಲ್‌ಗಳು ಹೆಚ್ಚಾಗಿ ಅಲ್ಲಿ ನಾಗಿಯೋಸ್ ಎಂಬ ಒಂದೇ ಫೋಲ್ಡರ್‌ನಲ್ಲಿರುತ್ತವೆ, ತೆಗೆಯುವುದು ಸುಲಭ. ಜಾಬಿಕ್ಸ್‌ನದ್ದು ಎಸ್‌ಬಿನ್, ಬಿನ್, ಇಟಿಸಿ ಅಂತ ಹಂಚಿಹೋಗಿರುತ್ತದೆ. ನೆಟ್‌ಡೇಟಾ ಎಂಬ ಮತ್ತೊಂದು ಮಾನಿಟರಿಂಗ್ ಸಾಫ್ಟ್‌ವೇರ್ ತನ್ನದೇ ಅನ್‌ಇನ್‌ಸ್ಟಾಲರ್ ಸ್ಕ್ರಿಪ್ಟ್ ಕೊಡುತ್ತದೆ, ಅದನ್ನೇ ಬಳಸಿ. ಡಾಕರ್‌ನಲ್ಲಿ ಇದ್ದರೆ ಕಂಪೋಸ್ ಡೌನ್ ಕೊಟ್ಟರೂ ಹೆಸರಿಟ್ಟ ವಾಲ್ಯೂಮ್‌ಗಳು ಉಳಿಯುತ್ತವೆ. ಡೇಟಾ ಇರುವುದು ಅವುಗಳಲ್ಲೇ.

ಕೊನೆಗೆ ಎಸ್‌ಎಸ್ -ಟಿಯುಎಲ್‌ಪಿಎನ್ ಕೊಟ್ಟು 10050, 10051, 162ರಲ್ಲಿ ಯಾರೂ ಕೇಳುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಸರ್ವರ್ ಒಮ್ಮೆ ರೀಬೂಟ್ ಮಾಡಿ, ಅದೇ ಕಮಾಂಡ್ ಮತ್ತೆ ಕೊಡಿ. ವೆಬ್‌ಸೈಟ್ ತೆರೆದು ನೋಡಿ. ಆಮೇಲೆ ಒಂದು ವಾರ ಇದೇ ಸರ್ವರ್‌ನಲ್ಲಿ ಪೋರ್ಟ್ 10051ಕ್ಕೆ ಟಿಸಿಪಿಡಂಪ್ ಹಾಕಿಡಿ. ಫೈರ್‌ವಾಲ್ ತಡೆದರೂ ಒಳಗೆ ಬರುವ ಪ್ಯಾಕೆಟ್ ಅದರಲ್ಲಿ ಕಾಣುತ್ತದೆ. ಯಾವ ಐಪಿಯಿಂದ ಬಡಿತ ಕೇಳುತ್ತದೋ ಅಲ್ಲಿ ಒಂದು ಏಜೆಂಟ್ ಇನ್ನೂ ಉಳಿದಿದೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಮಷಿನ್ ಕೂಡ ಅದರಲ್ಲಿ ಸಿಗಬಹುದು.